ತಪ್ಪಿಗೆ ಎಡೆಗೊಡದ ಶಿಗೆಯೋ ಶಿಂಗೋ

ನಡೆಯುವವನು ಎಡವದೆ ಕುಳಿತವನು ಎಡವುವನೇ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಕೈದುಡಿಮೆಯಲ್ಲಿ ಒಮ್ಮೊಮ್ಮೆ ತಪ್ಪುವುದು ಮನುಷ್ಯರಿಗೆ ಸಹಜ. ಆದರೆ ಕಾರ್ಖಾನೆಯಲ್ಲಿ ಒಂದು ಗಳಿಗೆಯ ಮರೆವಿನಿಂದ ಸಾಮಾನು ಕೆಡುತ್ತದೆ; ಕೆಟ್ಟದ್ದು ಗುಜರಿಗೆ ಹೋಗುತ್ತದೆ; ಬೈಗುಳ ಮಾತ್ರ ಕಾರ್ಮಿಕನ ಪಾಲಿಗೆ ಉಳಿಯುತ್ತದೆ. ಮರೆವನ್ನು ಬೈದು ತಿದ್ದಲಾಗದು, ಕೆಲಸದ ಕ್ರಮವನ್ನೇ ತಿದ್ದಬೇಕು ಎಂದು ತೋರಿಸಿಕೊಟ್ಟವರು ಜಪಾನಿನ ಶಿಗೆಯೋ ಶಿಂಗೋ ಅವರು.

ಶಿಂಗೋ ಅವರು ೧೯೦೯ನೆಯ ಇಸವಿ ಜನವರಿ ೮ರಂದು ಸಾಗಾ ಎಂಬ ಪಟ್ಟಣದಲ್ಲಿ ಜನಿಸಿದರು. ೧೯೩೦ರಲ್ಲಿ ಯಾಮಾನಾಶಿಯ ತಾಂತ್ರಿಕ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿಗೆ ಹೋಗಿ ತೈಪೆಯ ರೈಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅಮೆರಿಕದ ಫ್ರೆಡರಿಕ್ ಟೇಲರ್ ಎಂಬುವರ ಗ್ರಂಥವನ್ನು ಓದಿ, ಕೆಲಸದ ರೀತಿಯನ್ನು ಸುಧಾರಿಸುವುದೇ ತಮ್ಮ ಜೀವನದ ಗುರಿ ಎಂದು ನಿಶ್ಚಯಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಅವರು ಜಪಾನಿನ ಕಾರ್ಯನಿರ್ವಹಣಾ ಸಂಘದ ಸಲಹೆಗಾರರಾಗಿ ಊರೂರಿನ ಕಾರ್ಖಾನೆಗಳನ್ನು ಸುತ್ತಿದರು. ೧೯೫೫ರಿಂದ ಟೊಯೋಟಾ ಕಂಪನಿಯವರಿಗೂ ಪಾಠ ಹೇಳತೊಡಗಿದರು.

೧೯೬೧ರಲ್ಲಿ ಅವರು ಯಮಾದಾ ಎಲೆಕ್ಟ್ರಿಕ್ ಎಂಬ ಕಾರ್ಖಾನೆಗೆ ಭೇಟಿ ಕೊಟ್ಟರು. ಅಲ್ಲಿ ಎರಡು ಗುಂಡಿಗಳುಳ್ಳ ಒಂದು ಸಣ್ಣ ಸ್ವಿಚ್ಚನ್ನು ಕೈಯಿಂದ ಜೋಡಿಸುತ್ತಿದ್ದರು. ಪ್ರತಿ ಗುಂಡಿಯ ಕೆಳಗೂ ಒಂದೊಂದು ಸ್ಪ್ರಿಂಗನ್ನು ಇಡಬೇಕು. ದೊಡ್ಡ ಪೆಟ್ಟಿಗೆಯಿಂದ ಸ್ಪ್ರಿಂಗನ್ನು ತೆಗೆದು ಇಡುವಾಗ ಒಮ್ಮೊಮ್ಮೆ ಒಂದು ಮರೆತುಹೋಗುತ್ತಿತ್ತು. ಕೊಂಡವರಿಂದ ದೂರು ಬರುತ್ತಿತ್ತು. ಮೇಲಿನವರು ಗದರಿಸುತ್ತಿದ್ದರು, ಕೆಲಸಗಾರರು ಕೆಲವು ದಿನ ಎಚ್ಚರದಿಂದಿದ್ದು ಮತ್ತೆ ಮರೆಯುತ್ತಿದ್ದರು. ಶಿಂಗೋ ಅವರು ಸೂಚಿಸಿದ ಪರಿಹಾರ ಎಷ್ಟು ಸರಳವಾದುದೆಂದರೆ, ಅದಕ್ಕೆ ಒಂದು ಪುಟ್ಟ ಬಟ್ಟಲು ಸಾಕಾಯಿತು. ಜೋಡಣೆಗೆ ಮುಂಚೆ ಪೆಟ್ಟಿಗೆಯಿಂದ ಎರಡೇ ಎರಡು ಸ್ಪ್ರಿಂಗನ್ನು ತೆಗೆದು ಬಟ್ಟಲಿನಲ್ಲಿಡಬೇಕು. ಕೆಲಸ ಮುಗಿದ ಮೇಲೆ ಬಟ್ಟಲಿನಲ್ಲಿ ಒಂದು ಉಳಿದಿದ್ದರೆ ಮರೆತದ್ದು ಆಗಲೇ ಕಣ್ಣಿಗೆ ಬೀಳುತ್ತದೆ. ಸ್ವಿಚ್ಚು ಇನ್ನೂ ಕೈಯಲ್ಲೇ ಇರುವುದರಿಂದ ತಿದ್ದುವುದೂ ಸುಲಭ. ಸ್ಪ್ರಿಂಗಿಲ್ಲದ ಸ್ವಿಚ್ಚು ಹೊರಗೆ ಹೋಗುವುದು ಅಂದಿಗೆ ನಿಂತಿತು.

ಇಂಥ ಏರ್ಪಾಡುಗಳಿಗೆ ಅವರು ಮೊದಲು ಇಟ್ಟ ಹೆಸರು ಬಾಕಾ-ಯೋಕೆ. ದಡ್ಡರ ತಪ್ಪನ್ನು ತಡೆಯುವುದು ಎಂದು ಅದರ ಅರ್ಥ. ೧೯೬೩ರಲ್ಲಿ ಅರಾಕಾವಾ ಎಂಬ ಕಾರ್ಖಾನೆಯಲ್ಲಿ ಮೇಲ್ವಿಚಾರಕನು ಈ ಹೆಸರನ್ನು ಹೇಳಿದಾಗ ಒಬ್ಬ ಹೆಣ್ಣುಮಗಳು, ತಾನು ಅಷ್ಟು ದಡ್ಡಿಯೇ ಎಂದು ಕಣ್ಣೀರಿಟ್ಟಳು; ಮರುದಿನ ಕೆಲಸಕ್ಕೂ ಬರಲಿಲ್ಲ. ಈ ಸಂಗತಿಯನ್ನು ಕೇಳಿ ಶಿಂಗೋ ಅವರು ನೊಂದರು. ಮರೆಯುವವರು ದಡ್ಡರಲ್ಲ, ಮರೆವು ಎಲ್ಲರಿಗೂ ಉಂಟು ಎಂದು ಮನಗಂಡು, ಹೆಸರನ್ನು ಪೋಕಾ-ಯೋಕೆ ಎಂದು ಬದಲಾಯಿಸಿದರು. ಅರಿಯದೆ ಆಗುವ ತಪ್ಪನ್ನು ತಡೆಯುವುದು ಎಂಬುದು ಹೊಸ ಹೆಸರಿನ ಅರ್ಥ. ಇಂದು ಜಗತ್ತಿನ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವುದು ಈ ಹೆಸರೇ.

ಶಿಂಗೋ ಅವರು ತಮ್ಮ ನಂಬಿಕೆಯನ್ನೂ ತಿದ್ದಿಕೊಳ್ಳಬಲ್ಲವರಾಗಿದ್ದರು. ಕೆಲವು ಮಾದರಿಗಳನ್ನು ಪರೀಕ್ಷಿಸಿ ಗುಣವನ್ನು ಅಳೆಯುವ ಅಂಕಿಅಂಶದ ಪದ್ಧತಿಯನ್ನು ಅವರು ೧೯೫೧ರಿಂದ ನಂಬಿದ್ದರು. ೧೯೭೭ರಲ್ಲಿ ಮತ್ಸುಶಿತಾ ಕಂಪನಿಯ ಬಟ್ಟೆ ಒಗೆಯುವ ಯಂತ್ರದ ಕಾರ್ಖಾನೆಯಲ್ಲಿ, ೨೩ ಮಂದಿ ಕೆಲಸಗಾರರು ಒಂದು ತಿಂಗಳ ಕಾಲ ಒಂದೂ ದೋಷವಿಲ್ಲದೆ ಜೋಡಣೆ ಮಾಡಿದ್ದನ್ನು ಕಂಡ ಮೇಲೆ ಆ ನಂಬಿಕೆಯನ್ನು ಬಿಟ್ಟರು. ಕೆಟ್ಟದ್ದನ್ನು ಕೊನೆಯಲ್ಲಿ ಆರಿಸಿ ಎಸೆಯುವುದಕ್ಕಿಂತ ಕೆಡದಂತೆ ಮೂಲದಲ್ಲೇ ತಡೆಯುವುದು ಮೇಲು ಎಂದು ಸಾರಿದರು. ೧೯೮೮ರಲ್ಲಿ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ೧೯೯೦ರ ನವೆಂಬರಿನಲ್ಲಿ ಅವರು ಕಾಲವಾದರು.

ನನ್ನ ತಾಯಿ ಬೀಡಿ ಕಟ್ಟಿ ನನ್ನನ್ನು ಓದಿಸುತ್ತಿದ್ದಾರೆ. ಸರಿಯಿಲ್ಲವೆಂದು ಬೀಡಿಗಳನ್ನು ಬೇರೆಮಾಡಿ ಎಸೆದು ಕೂಲಿ ಮುರಿದುಕೊಂಡ ದಿನಗಳಲ್ಲಿ ಅವರು ಮನೆಗೆ ಬಂದು ಮಾತಾಡದೆ ಕುಳಿತಿದ್ದನ್ನು ನಾನು ನೋಡಿದ್ದೇನೆ. ಶಿಂಗೋ ಅವರ ಚರಿತ್ರೆಯನ್ನು ಓದುವಾಗ ನನಗೆ ಆ ಮುಖವೇ ನೆನಪಾಯಿತು. ನಾಳೆ ನಾವು ಪದವೀಧರರಾಗಿ ಕೆಲಸ ಮಾಡಿಸುವ ಸ್ಥಾನದಲ್ಲಿ ಕುಳಿತಾಗ, ತಪ್ಪಿದವರ ಮೇಲೆ ಕೈತೋರುವ ಮುನ್ನ ಅವರ ಪಕ್ಕದಲ್ಲಿ ಒಂದು ಬಟ್ಟಲನ್ನಿಡಲು ಕಲಿಯೋಣ.