ವೈದ್ಯ ಕಾಯಕವನ್ನೇ ಪ್ರಾರ್ಥನೆಯಾಗಿಸಿದ ಸಿಸ್ಟರ್ ಮೇರಿ ಗ್ಲೌರಿ

ಬಸವಾದಿ ಶರಣರು ಕಾಯಕ ದಾಸೋಹಗಳನ್ನು ಪೂಜೆಯಿಂದ ಬೇರೆಯಾಗಿ ಕಾಣಲಿಲ್ಲ. ಈ ಅರಿವು ಒಂದು ಮತಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಬೆಂಗಳೂರಿನಲ್ಲಿ ಕೊನೆಯುಸಿರೆಳೆದ ಕ್ರೈಸ್ತ ಸನ್ಯಾಸಿನಿ, ವೈದ್ಯೆ ಡಾ. ಮೇರಿ ಗ್ಲೌರಿ ಅವರ ಜೀವನವೇ ಸಾಕ್ಷಿ.

ಮೇರಿಯವರು 1887ರ ಜೂನ್ 23ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ ಜನಿಸಿದರು. ಒಂಬತ್ತು ಮಕ್ಕಳ ತುಂಬು ಕುಟುಂಬ ಅವರದು. ಪ್ರತಿಭೆಯಿಂದ ವಿದ್ಯಾರ್ಥಿವೇತನ ಗಳಿಸಿ, ಮಹಿಳಾ ವೈದ್ಯರು ವಿರಳರಾಗಿದ್ದ ಆ ಕಾಲದಲ್ಲಿ, 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ವೈದ್ಯಪದವಿ ಪಡೆದರು. ಅದೇ ನಗರದಲ್ಲಿ ವೃತ್ತಿ ನಡೆಸಿ ಹೆಸರು ಗಳಿಸಿದರು. ಮುಂದೆ ಸಂಪತ್ತಿನ, ಗೌರವದ ಹಾದಿ ತೆರೆದಿತ್ತು.

1915ರಲ್ಲಿ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರನ್ನು ಕುರಿತ ಕಿರುಪುಸ್ತಿಕೆಯೊಂದು ಅವರ ಕೈಸೇರಿತು. ಪುರುಷ ವೈದ್ಯರ ಬಳಿಗೆ ಹೋಗಲಾಗದೆ ಭಾರತದ ತಾಯಂದಿರೂ ಹಸುಳೆಗಳೂ ಸಾಯುತ್ತಿದ್ದ ಸಂಗತಿಯನ್ನು ಅದರಲ್ಲಿ ಓದಿ ಅವರ ಮನ ಕರಗಿತು. ತಮ್ಮ ಬದುಕು ಯಾರಿಗೆ ಸಲ್ಲಬೇಕೆಂಬುದು ಅಂದೇ ನಿಶ್ಚಯವಾಯಿತು. ಪ್ರಸೂತಿ, ಸ್ತ್ರೀರೋಗ ಹಾಗೂ ನೇತ್ರ ಚಿಕಿತ್ಸೆಯಲ್ಲಿ ಉನ್ನತ ಅಧ್ಯಯನ ಮುಗಿಸಿ, 1920ರ ಫೆಬ್ರವರಿಯಲ್ಲಿ ಆಂಧ್ರದ ಗುಂಟೂರಿಗೆ ಬಂದರು. ಮತ್ತೆ ತಾಯ್ನಾಡಿಗೆ ಮರಳಲೇ ಇಲ್ಲ.

ಗುಂಟೂರಿನಲ್ಲಿ ಅವರು ಜೀಸಸ್ ಮೇರಿ ಜೋಸೆಫ್ ಸನ್ಯಾಸಿನಿಯರ ಸಭೆಯನ್ನು ಸೇರಿದರು. ಆದರೆ ಸನ್ಯಾಸಿನಿಯರು ವೈದ್ಯವೃತ್ತಿ ನಡೆಸಲು ಕ್ರೈಸ್ತ ಧರ್ಮಸಭೆಯ ಅಂದಿನ ನಿಯಮ ಅವಕಾಶ ಕೊಡುತ್ತಿರಲಿಲ್ಲ. ದೀಕ್ಷೆ ಪಡೆದರೆ ಚಿಕಿತ್ಸೆ ನೀಡುವಂತಿಲ್ಲ. ಚಿಕಿತ್ಸೆ ನೀಡಬೇಕಾದರೆ ದೀಕ್ಷೆ ತೊರೆಯಬೇಕು. ಮೇರಿಯವರಿಗೆ ಇವೆರಡೂ ಒಂದೇ ಆಗಿದ್ದವು. ಕೊನೆಗೆ ಪೋಪ್ 15ನೆಯ ಬೆನೆಡಿಕ್ಟ್ ಅವರು ವಿಶೇಷ ಅನುಮತಿ ನೀಡಿದರು. ಹೀಗೆ ಅವರು ಸನ್ಯಾಸಿನಿಯೂ ವೈದ್ಯೆಯೂ ಆಗಿ ಮುಂದುವರಿದರು. ದೀಕ್ಷಾನಾಮ ಸಿಸ್ಟರ್ ಮೇರಿ ಆಫ್ ದ ಸೇಕ್ರೆಡ್ ಹಾರ್ಟ್.

ಚಿಕ್ಕ ಔಷಧಾಲಯವಾಗಿದ್ದ ಸೇವಾಕೇಂದ್ರ ಅವರ ಪರಿಶ್ರಮದಿಂದ ಸೇಂಟ್ ಜೋಸೆಫ್ ಆಸ್ಪತ್ರೆಯಾಗಿ ಬೆಳೆಯಿತು. ಹಳ್ಳಿಗಳಿಗೆ ತಾವೇ ಹೋಗಿ ಚಿಕಿತ್ಸೆ ನೀಡಿದರು. ಸ್ಥಳೀಯ ಹೆಣ್ಣುಮಕ್ಕಳಿಗೆ ಶುಶ್ರೂಷೆಯಲ್ಲಿಯೂ ಹೆರಿಗೆ ಆರೈಕೆಯಲ್ಲಿಯೂ ತರಬೇತಿ ಕೊಟ್ಟರು. ದೇಶೀಯ ಔಷಧಿಗಳನ್ನೂ ಅಭ್ಯಾಸ ಮಾಡಿ ಬಳಸಿದರು. ಪ್ರಾರ್ಥನೆಯಲ್ಲಿ ಪಡೆದ ಬಲವನ್ನು ರೋಗಿಗಳ ಸೇವೆಗೆ ಸಮರ್ಪಿಸಿದರು.

1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಸೇವಾಭಾವದ ವೈದ್ಯರನ್ನು ರೂಪಿಸುವ ಕಾಲೇಜೊಂದು ಈ ನಾಡಿನಲ್ಲಿ ಆಗಬೇಕೆಂಬುದು ಅವರ ಕನಸಾಗಿತ್ತು. ಕ್ಯಾನ್ಸರ್ ವ್ಯಾಧಿಯ ಯಾತನೆಯನ್ನು ತಾಳ್ಮೆಯಿಂದ ಸಹಿಸಿ, 1957ರ ಮೇ 5ರಂದು ಬೆಂಗಳೂರಿನಲ್ಲಿ ದೇಹ ಬಿಟ್ಟರು. ಆರು ವರ್ಷಗಳ ಬಳಿಕ, 1963ರಲ್ಲಿ, ಅದೇ ನಗರದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಕನಸು ಕಂಡವರು ಅದನ್ನು ಕಣ್ಣಾರೆ ಕಾಣಲಿಲ್ಲ.

ಸೋಂಪುರದಂತಹ ನಮ್ಮ ಊರುಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗುವಾಗ, ಇಂತಹ ಅನಾಮಧೇಯ ದಾಸೋಹಗಳ ಫಲವನ್ನು ನಾವು ಉಣ್ಣುತ್ತಿರುತ್ತೇವೆ. ಫಲಕ್ಕೆ ಕಾಯದೆ ಬೀಜ ಬಿತ್ತುವುದೇ ದಾಸೋಹ. ರೋಗಿಯ ಜಾತಿ ಮತಗಳನ್ನು ಕೇಳದೆ ನೋವನ್ನಷ್ಟೇ ಕಂಡ ಆ ತಾಯಿಯ ಬದುಕು, ನಮ್ಮ ನಮ್ಮ ಕಾಯಕವನ್ನು ಶುದ್ಧ ಮನದಿಂದ ಮಾಡಲು ಪ್ರೇರಣೆಯಾಗಲಿ.