ಪತ್ರಕರ್ತರಿಗೆ ಪಾಠಶಾಲೆ ಕಟ್ಟಿದ ಜೋಸೆಫ್ ಪುಲಿಟ್ಜರ್

ಬೆಳಗಾದರೆ ಪತ್ರಿಕೆಗಾಗಿ ಕಾಯುವ ಮನೆಗಳು ನಮ್ಮ ಊರಿನಲ್ಲಿ ಇಂದಿಗೂ ಇವೆ. ಉಳಿದವರಿಗೆ ಸುದ್ದಿಯು ಕೈಯಲ್ಲಿರುವ ಫೋನಿಗೇ ಬಂದು ಬೀಳುತ್ತದೆ. ಆದರೆ ಆ ಸುದ್ದಿಯನ್ನು ಬರೆಯುವವರು ಯಾರು, ಅವರು ಆ ಕೆಲಸವನ್ನು ಎಲ್ಲಿ ಕಲಿತರು ಎಂದು ನಾವು ಯೋಚಿಸುವುದು ಅಪರೂಪ. ವೈದ್ಯನಾಗಬೇಕಾದವನಿಗೆ ವೈದ್ಯಕೀಯ ಕಾಲೇಜು, ವಕೀಲನಾಗಬೇಕಾದವನಿಗೆ ಕಾನೂನು ಕಾಲೇಜು ಇರುವಂತೆ ಪತ್ರಕರ್ತನಾಗಬೇಕಾದವನಿಗೂ ಒಂದು ಕಾಲೇಜು ಬೇಕೆಂದು ಹಟ ಹಿಡಿದು, ತಾನು ಗಳಿಸಿದ ಹಣವನ್ನು ಅದಕ್ಕಾಗಿ ತೆಗೆದಿರಿಸಿದವನು ಜೋಸೆಫ್ ಪುಲಿಟ್ಜರ್. ಆತನ ಹೆಸರಿನ ಪ್ರಶಸ್ತಿಯ ವಿಚಾರವನ್ನು ವರ್ಷವರ್ಷವೂ ಕೇಳುತ್ತೇವೆ. ಆತನ ಬಾಳಿನ ಕಥೆಯನ್ನು ಕೇಳಿದವರು ಕಡಿಮೆ.

ನಮಗೆ ಆ ಕಥೆ ತಿಳಿದದ್ದು ನಮ್ಮದೇ ಒಂದು ತಪ್ಪಿನಿಂದ. ನಮ್ಮ ತರಗತಿಯವರು ತಿಂಗಳಿಗೊಮ್ಮೆ ಗೋಡೆ ಪತ್ರಿಕೆಯೊಂದನ್ನು ಹೊರಡಿಸುತ್ತೇವೆ. ಒಮ್ಮೆ ಅದರಲ್ಲಿ ಶಾಲೆಯ ಬಾವಿಯ ರಾಟೆ ಮುರಿದ ಸುದ್ದಿಯನ್ನು ಬರೆದು, ಮುರಿದವನು ಎಂಟನೆಯ ತರಗತಿಯ ಇಂತಹ ಹುಡುಗನೆಂದು ಸೇರಿಸಿಬಿಟ್ಟೆವು. ಅವನನ್ನು ನಾವು ಯಾರೂ ಕೇಳಿರಲಿಲ್ಲ. ನಿಜವಾಗಿ ರಾಟೆಯ ಕಬ್ಬಿಣ ತುಕ್ಕು ಹಿಡಿದು ತಾನಾಗಿಯೇ ತುಂಡಾಗಿತ್ತು. ಆ ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ನಾವು ತಿದ್ದುಪಡಿ ಹಾಕಿದೆವು. ಆದರೆ ಸುದ್ದಿಯನ್ನು ಓದಿದವರೆಲ್ಲ ತಿದ್ದುಪಡಿಯನ್ನು ಓದಲಿಲ್ಲ. ಆಗ ನಮ್ಮ ಕನ್ನಡ ಅಧ್ಯಾಪಕರು ನಮ್ಮನ್ನು ಗದರಿಸದೆ ಪುಲಿಟ್ಜರನ ಜೀವನವನ್ನು ಹೇಳಿದರು. ಅದನ್ನೇ ನಾವಿಲ್ಲಿ ನಮ್ಮ ಮಾತಿನಲ್ಲಿ ಬರೆದಿದ್ದೇವೆ.

ಜೋಸೆಫ್ ಪುಲಿಟ್ಜರ್ 1847ನೆಯ ಇಸವಿ ಏಪ್ರಿಲ್ 10ರಂದು ಹಂಗೇರಿ ದೇಶದ ಮಕೋ ಎಂಬ ಊರಿನಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದನು. ತಂದೆ ಧಾನ್ಯದ ವ್ಯಾಪಾರಿ. ಅನುಕೂಲವಾಗಿಯೇ ಇದ್ದ ಸಂಸಾರ ತಂದೆಯ ಮರಣದ ಬಳಿಕ ಕಷ್ಟಕ್ಕೆ ಬಿದ್ದಿತು. ಹದಿಹರೆಯದ ಜೋಸೆಫನಿಗೆ ಸೈನಿಕನಾಗುವ ಆಸೆ. ಆಸ್ಟ್ರಿಯದ ಸೈನ್ಯ ಅವನನ್ನು ಸೇರಿಸಿಕೊಳ್ಳಲಿಲ್ಲ, ಫ್ರಾನ್ಸಿನವರೂ ಬೇಡವೆಂದರು. ಭಾರತದಲ್ಲಿ ದುಡಿಯಲು ಆಳುಗಳನ್ನು ಸೇರಿಸುತ್ತಿದ್ದ ಬ್ರಿಟಿಷ್ ಸೈನ್ಯವೂ ತಿರಸ್ಕರಿಸಿತು. ಸಪೂರ ಶರೀರ, ಮಂದವಾದ ದೃಷ್ಟಿ ಇವೇ ಕಾರಣ. ಕೊನೆಗೆ ಅಂತರ್ಯುದ್ಧ ನಡೆಯುತ್ತಿದ್ದ ಅಮೆರಿಕಕ್ಕೆ ಜನರನ್ನು ಸೇರಿಸುತ್ತಿದ್ದವರ ಮೂಲಕ ಆತನು 1864ರಲ್ಲಿ ಹಡಗು ಹತ್ತಿದನು. ಅಲ್ಲಿ ಅಶ್ವದಳವೊಂದರಲ್ಲಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಯುದ್ಧವೇ ಮುಗಿಯಿತು.

ಈಗ ಕೈಯಲ್ಲಿ ಕಾಸಿಲ್ಲ, ಬಾಯಲ್ಲಿ ಇಂಗ್ಲಿಷ್ ಇಲ್ಲ. ಜರ್ಮನ್ ಮಾತನಾಡುವವರು ಬಹಳ ಮಂದಿ ಇರುವರೆಂದು ಕೇಳಿ ಆತನು ಸೇಂಟ್ ಲೂಯಿ ನಗರಕ್ಕೆ ಹೊರಟನು. ಮಿಸಿಸಿಪ್ಪಿ ನದಿಯನ್ನು ದಾಟಲು ಕೊಡಬೇಕಾದ ಹಣವೂ ಇಲ್ಲದುದರಿಂದ ದೋಣಿಯ ಒಲೆಗೆ ಕಲ್ಲಿದ್ದಲು ತುಂಬಿ ಆಚೆಯ ದಡ ಸೇರಿದನು. ಹೇಸರಗತ್ತೆಗಳನ್ನು ನೋಡಿಕೊಂಡನು; ಹೋಟೆಲಿನಲ್ಲಿ ಊಟ ಬಡಿಸಿದನು; 1866ರಲ್ಲಿ ಕಾಲರಾ ಬಂದಾಗ ಸತ್ತವರನ್ನು ಹೂಳುವ ಕೆಲಸಕ್ಕೂ ಹೋದನು. ಒಮ್ಮೆ ದೂರದ ಕಬ್ಬಿನ ತೋಟದಲ್ಲಿ ಕೆಲಸ ಕೊಡಿಸುವೆನೆಂದು ಒಬ್ಬನು ಇವನಿಂದಲೂ ಇನ್ನು ಕೆಲವರಿಂದಲೂ ಐದೈದು ಡಾಲರು ಪಡೆದು, ನಡುದಾರಿಯಲ್ಲಿ ಇಳಿಸಿ ಮಾಯವಾದನಂತೆ. ಕಾಲ್ನಡಿಗೆಯಲ್ಲಿ ಹಿಂತಿರುಗಿದ ಪುಲಿಟ್ಜರ್ ಆ ಮೋಸದ ಕಥೆಯನ್ನು ಬರೆದನು. ‘ವೆಸ್ಟ್‌ಲಿಶೆ ಪೋಸ್ಟ್’ ಎಂಬ ಜರ್ಮನ್ ಪತ್ರಿಕೆ ಅದನ್ನು ಪ್ರಕಟಿಸಿತು. ಆತನ ಬರಹ ಅಚ್ಚಾದದ್ದು ಅದೇ ಮೊದಲು ಎಂದು ಹೇಳುತ್ತಾರೆ.

ಕಾಲೇಜಿಗೆ ಹೋಗುವ ಭಾಗ್ಯ ಆತನಿಗೆ ಇರಲಿಲ್ಲ. ಆ ನಗರದ ಮರ್ಕೆಂಟೈಲ್ ಗ್ರಂಥಾಲಯವೇ ಆತನ ಕಾಲೇಜಾಯಿತು. ಬಿಡುವಿದ್ದಾಗಲೆಲ್ಲ ಅಲ್ಲಿ ಕುಳಿತು ಇಂಗ್ಲಿಷನ್ನೂ ಕಾನೂನನ್ನೂ ಕಲಿತನು. ಅಲ್ಲಿಯ ಚದುರಂಗದ ಕೋಣೆಯಲ್ಲಿ ಆಡುತ್ತಿದ್ದ ಇಬ್ಬರು ಹಿರಿಯರ ಸ್ನೇಹ ಆತನ ಬಾಳನ್ನೇ ತಿರುಗಿಸಿತು. ಅವರು ‘ವೆಸ್ಟ್‌ಲಿಶೆ ಪೋಸ್ಟ್’ ಪತ್ರಿಕೆಯ ಸಂಪಾದಕರಾದ ಕಾರ್ಲ್ ಶುರ್ಜ್ ಮತ್ತು ಎಮಿಲ್ ಪ್ರೆಟೋರಿಯಸ್. 1868ರಲ್ಲಿ ಆತನಿಗೆ ಅದೇ ಪತ್ರಿಕೆಯಲ್ಲಿ ವರದಿಗಾರನ ಕೆಲಸ ಸಿಕ್ಕಿತು.

ಈ ಘಟ್ಟವನ್ನು ಕೇಳುವಾಗ ಕಾಸರಗೋಡಿನ ಮಕ್ಕಳಾದ ನಮಗೆ ವಿಶೇಷ ಸಂತೋಷವಾಯಿತು. 1956ರ ಬಳಿಕ ನಮ್ಮ ಊರಿನಲ್ಲಿ ರಾಜ್ಯದ ಭಾಷೆ ಬೇರೆ, ನಮ್ಮ ಶಾಲೆಯ ಭಾಷೆ ಬೇರೆ. ಕನ್ನಡದಲ್ಲಿ ಕಲಿತು ಮುಂದೆ ಏನಾಗುವಿರಿ ಎಂದು ಕೇಳುವವರು ಬಹಳ. ಪುಲಿಟ್ಜರನು ನಿಂತ ನೆಲದ ಭಾಷೆಯೂ ಬೇರೆಯಾಗಿತ್ತು. ಆತನಿಗೆ ಮೊದಲು ಬಾಗಿಲು ತೆರೆದದ್ದು ಅಲ್ಲಿ ಅಲ್ಪಸಂಖ್ಯಾತರು ಓದುತ್ತಿದ್ದ ಪತ್ರಿಕೆ. ತನಗೆ ಬಲ್ಲ ಭಾಷೆಯನ್ನು ಆತನು ಬಿಡಲಿಲ್ಲ. ಊರಿನ ಭಾಷೆಯನ್ನು ಕಲಿಯದೆಯೂ ಇರಲಿಲ್ಲ. ಎರಡೂ ಆತನಿಗೆ ಅನ್ನ ಕೊಟ್ಟವು. ನಮ್ಮ ನೆರೆಯ ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರೂ ಜರ್ಮನಿಯಿಂದ ಬಂದು ಕನ್ನಡ ಕಲಿತವರೇ ಅಲ್ಲವೇ?

ಪುಲಿಟ್ಜರ್ ಹಗಲಿರುಳು ದುಡಿದನು. ಶಾಸನಸಭೆಯ ಸದಸ್ಯನೂ ಆದನು. ಆದರೆ ಮಹಾ ಮುಂಗೋಪಿ. 1870ರಲ್ಲಿ ತನ್ನನ್ನು ಸುಳ್ಳುಗಾರನೆಂದವನ ಕಾಲಿಗೆ ಗುಂಡು ಹೊಡೆದು ದಂಡ ತೆತ್ತನು. 1878ರಲ್ಲಿ ‘ಸೇಂಟ್ ಲೂಯಿ ಡಿಸ್ಪ್ಯಾಚ್’ ಎಂಬ ಮುಳುಗಿದ್ದ ಪತ್ರಿಕೆಯನ್ನು 2,500 ಡಾಲರಿಗೆ ಹರಾಜಿನಲ್ಲಿ ಕೊಂಡು, ಇನ್ನೊಂದು ಪತ್ರಿಕೆಯೊಡನೆ ಕೂಡಿಸಿ ‘ಪೋಸ್ಟ್-ಡಿಸ್ಪ್ಯಾಚ್’ ಮಾಡಿದನು. ತೆರಿಗೆ ತಪ್ಪಿಸುವ ಸಿರಿವಂತರು, ಜೂಜಿನ ಅಡ್ಡೆಗಳು, ಲಾಟರಿಯ ಮೋಸ ಇವೆಲ್ಲ ಅದರಲ್ಲಿ ಬಯಲಿಗೆ ಬಂದವು. 1883ರಲ್ಲಿ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯನ್ನು 3,46,000 ಡಾಲರಿಗೆ ಕೊಂಡನು. ಆಗ ಸುಮಾರು 15,000 ಪ್ರತಿಗಳಷ್ಟು ಖರ್ಚಾಗುತ್ತಿದ್ದ ಪತ್ರಿಕೆ ಕೆಲವೇ ವರ್ಷಗಳಲ್ಲಿ ಎರಡು ಲಕ್ಷವನ್ನು ದಾಟಿತು.

ಆತನು ಪತ್ರಿಕೆಯನ್ನು ಬಡವರಿಗೂ ವಲಸೆ ಬಂದವರಿಗೂ ಓದಲು ಬರುವಂತೆ ಮಾಡಿದನು. ಸರಳವಾದ ವಾಕ್ಯ, ಚಿತ್ರಗಳು, ದೊಡ್ಡ ತಲೆಬರಹ, ಆಟೋಟದ ಸುದ್ದಿ. 1885ರಲ್ಲಿ ಫ್ರಾನ್ಸ್ ಕೊಟ್ಟ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ನಿಲ್ಲಿಸಲು ಪೀಠ ಕಟ್ಟುವುದಕ್ಕೆ ಹಣವಿರಲಿಲ್ಲ. ಪುಲಿಟ್ಜರನು ತನ್ನ ಪತ್ರಿಕೆಯಲ್ಲಿ ಓದುಗರನ್ನೇ ಬೇಡಿದನು. ಎಷ್ಟು ಚಿಕ್ಕ ಕಾಣಿಕೆಯಾದರೂ ಕೊಟ್ಟವರ ಹೆಸರನ್ನು ಅಚ್ಚು ಹಾಕಿದನು. ಐದಾರು ತಿಂಗಳಲ್ಲಿ 1,20,000ಕ್ಕೂ ಹೆಚ್ಚು ಜನರಿಂದ ಲಕ್ಷ ಡಾಲರು ಕೂಡಿತು; ಹೆಚ್ಚಿನವರು ಕೊಟ್ಟದ್ದು ಒಂದು ಡಾಲರಿಗೂ ಕಡಿಮೆ. ಶಾಲಾ ಮಕ್ಕಳ ಬಿಡಿಕಾಸೂ ಅದರಲ್ಲಿತ್ತು. 1887ರಲ್ಲಿ ನೆಲ್ಲಿ ಬ್ಲೈ ಎಂಬ ತರುಣಿ ಆ ಪತ್ರಿಕೆಗಾಗಿ ಹುಚ್ಚಿಯಂತೆ ನಟಿಸಿ, ಹುಚ್ಚಾಸ್ಪತ್ರೆಯಲ್ಲಿ ಹತ್ತು ದಿನ ಇದ್ದು, ಅಲ್ಲಿ ರೋಗಿಗಳು ಪಡುತ್ತಿದ್ದ ಪಾಡನ್ನು ಬರೆದಳು. ಅದರಿಂದ ವಿಚಾರಣೆ ನಡೆದು ಆಸ್ಪತ್ರೆಗಳಿಗೆ ಹೆಚ್ಚಿನ ಹಣ ದೊರೆಯಿತು.

ಆದರೆ ವಿಧಿ ಆತನ ಕಣ್ಣುಗಳನ್ನೇ ಕಸಿದುಕೊಂಡಿತು. 1887ರಿಂದ ದೃಷ್ಟಿ ಕುಂದುತ್ತ ಬಂದು, ಓದುವುದೇ ಉಸಿರಾಗಿದ್ದವನು ಕುರುಡನಾದನು. ಚಿಕ್ಕ ಸದ್ದನ್ನೂ ಸಹಿಸದ ನರಗಳ ಬೇನೆ ಬೇರೆ. 1890ರಲ್ಲಿ ಸಂಪಾದಕತ್ವವನ್ನು ಬಿಟ್ಟರೂ, ಸದ್ದು ನುಸುಳದ ಕೋಣೆಯಲ್ಲಿಯೂ ಹಡಗಿನಲ್ಲಿಯೂ ಇದ್ದುಕೊಂಡು, ಕಾರ್ಯದರ್ಶಿಗಳಿಂದ ಓದಿಸಿ ಕೇಳಿ ಪತ್ರಿಕೆಯನ್ನು ನಡೆಸಿದನು.

ಆತನ ದೊಡ್ಡ ತಪ್ಪು ನಡೆದದ್ದು ಈ ಕಾಲದಲ್ಲಿ. 1895ರಲ್ಲಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಎಂಬ ಧನಿಕನು ನ್ಯೂಯಾರ್ಕಿಗೆ ಬಂದು ‘ಜರ್ನಲ್’ ಪತ್ರಿಕೆಯನ್ನು ಕೊಂಡು ಪೈಪೋಟಿಗೆ ನಿಂತನು. ಓದುಗರನ್ನು ಸೆಳೆಯಲು ಎರಡೂ ಪತ್ರಿಕೆಗಳು ಸಣ್ಣದನ್ನು ದೊಡ್ಡದು ಮಾಡಿದವು, ಅನುಮಾನವನ್ನು ನಿಜವೆಂದು ಬರೆದವು. ಇದಕ್ಕೆ ಹಳದಿ ಪತ್ರಿಕೋದ್ಯಮ ಎಂಬ ಹೆಸರು ಬಂದಿತು. 1898ರ ಫೆಬ್ರವರಿಯಲ್ಲಿ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇಯ್ನ್’ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಗೊತ್ತಾಗುವ ಮೊದಲೇ ಪತ್ರಿಕೆಗಳು ಸ್ಪೇನಿನತ್ತ ಬೆರಳು ಮಾಡಿ ಜನರನ್ನು ಕೆರಳಿಸಿದವು. ಎರಡು ತಿಂಗಳಲ್ಲಿ ಯುದ್ಧವೇ ಆರಂಭವಾಯಿತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಬೆಂಕಿಗೆ ತುಪ್ಪ ಸುರಿದವರಲ್ಲಿ ಪುಲಿಟ್ಜರನ ಪತ್ರಿಕೆಯೂ ಒಂದು. ನಮ್ಮ ರಾಟೆಯ ಸುದ್ದಿ ಚಿಕ್ಕದು, ಇದು ದೊಡ್ಡದು. ತಪ್ಪು ಮಾತ್ರ ಒಂದೇ ಜಾತಿಯದು. 1899ರಲ್ಲಿ ಪತ್ರಿಕೆ ಮಾರುವ ಬಡ ಹುಡುಗರು ತಮಗೆ ಕೊಡುವ ಕಟ್ಟಿನ ಬೆಲೆ ಹೆಚ್ಚಾಯಿತೆಂದು ಈ ಎರಡು ಪತ್ರಿಕೆಗಳ ವಿರುದ್ಧ ಮುಷ್ಕರ ಹೂಡಿದರು. ಬೆಲೆ ಇಳಿಯಲಿಲ್ಲವಾದರೂ ಉಳಿದ ಪ್ರತಿಗಳನ್ನು ಹಿಂದಕ್ಕೆ ಕೊಳ್ಳಲು ಒಡೆಯರು ಒಪ್ಪಬೇಕಾಯಿತು.

ಯುದ್ಧ ಮುಗಿದ ಮೇಲೆ ಪುಲಿಟ್ಜರನು ತನ್ನ ಪತ್ರಿಕೆಯನ್ನು ಆ ದಾರಿಯಿಂದ ಹಿಂದಕ್ಕೆ ತಂದನು. ಹಳೆಯ ಕನಸೊಂದು ಮತ್ತೆ ಬಲವಾಯಿತು. 1892ರಲ್ಲಿಯೇ ಆತನು ಪತ್ರಿಕೋದ್ಯಮದ ಶಾಲೆಗೆ ಹಣ ಕೊಡುವೆನೆಂದು ನ್ಯೂಯಾರ್ಕಿನ ಕೊಲಂಬಿಯಾ ಸಂಸ್ಥೆಯನ್ನು ಕೇಳಿದ್ದನು, ಅವರು ಒಪ್ಪಿರಲಿಲ್ಲ. 1903ರಲ್ಲಿ ಅದೇ ವಿಶ್ವವಿದ್ಯಾನಿಲಯ ಒಪ್ಪಿತು. ಒಟ್ಟು 20 ಲಕ್ಷ ಡಾಲರಿನ ದಾನವದು.

ಹಲವು ಪತ್ರಕರ್ತರೇ ನಕ್ಕರು. ಪತ್ರಕರ್ತನು ಹುಟ್ಟುವವನೇ ಹೊರತು ತಯಾರಾಗುವವನಲ್ಲ, ಕೆಲಸವನ್ನು ಕಚೇರಿಯಲ್ಲೇ ಕಲಿಯಬೇಕು ಎಂಬುದು ಅವರ ವಾದ. 1904ರಲ್ಲಿ ಪುಲಿಟ್ಜರನು ದೀರ್ಘ ಲೇಖನವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟನು. ಹುಟ್ಟುಗುಣವಿದ್ದರೂ ಅದಕ್ಕೆ ಶಿಕ್ಷಣ ಬೇಕು. ಕಚೇರಿಯ ಅವಸರದಲ್ಲಿ ಕಲಿಸುವಷ್ಟು ಬಿಡುವು ಯಾರಿಗೂ ಇರುವುದಿಲ್ಲ. ಕಲಿಯದವನು ಮಾಡುವ ತಪ್ಪಿಗೆ ಬೆಲೆ ತೆರುವವರು ಓದುಗರು ಎಂಬುದು ಅದರ ಸಾರ. ಅಲ್ಲಿ ಕಲಿಸಬೇಕಾದುದನ್ನೂ ಹೇಳಿದನು. ನೀತಿ, ಕಾನೂನು, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವಿಜ್ಞಾನ, ಅಂಕಿಸಂಖ್ಯೆಗಳನ್ನು ಓದುವ ಬಗೆ, ಪರಭಾಷೆಗಳು, ಒಳ್ಳೆಯ ಬರವಣಿಗೆ. ಪತ್ರಿಕೆ ಮಾರುವ ವ್ಯಾಪಾರದ ಪಾಠ ಮಾತ್ರ ಅಲ್ಲಿ ಬೇಡವೆಂದನು. ವ್ಯಾಪಾರದಿಂದಲೇ ಕೋಟ್ಯಧೀಶನಾದವನು ಹೀಗೆ ಹೇಳಿದುದು ನಮಗೆ ಬಹಳ ಯೋಚಿಸುವಂತೆ ಮಾಡಿತು.

ಕೊನೆಯ ದಿನಗಳಲ್ಲಿಯೂ ಆತನ ಧೈರ್ಯ ಕುಂದಲಿಲ್ಲ. ಪನಾಮಾ ಕಾಲುವೆಯ ಹಣದ ವ್ಯವಹಾರವನ್ನು ‘ವರ್ಲ್ಡ್’ ಪ್ರಶ್ನಿಸಿದಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರ ಸರಕಾರ ಮಾನನಷ್ಟ ಮೊಕದ್ದಮೆ ಹೂಡಿತು. 1911ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಪತ್ರಿಕೆಯ ಪರವಾಯಿತು. ಅದೇ ವರ್ಷ ಅಕ್ಟೋಬರ್ 29ರಂದು ಚಾರ್ಲ್‌ಸ್ಟನ್ ಬಂದರಿನಲ್ಲಿ ತನ್ನ ಹಡಗಿನಲ್ಲಿಯೇ ಪುಲಿಟ್ಜರ್ ಕಣ್ಣು ಮುಚ್ಚಿದನು. ತನ್ನ ಶಾಲೆಯನ್ನು ಆತನು ಕಾಣಲಿಲ್ಲ. ಅದು ತೆರೆದದ್ದು 1912ರ ಸೆಪ್ಟೆಂಬರಿನಲ್ಲಿ. ಮೊದಲ ತಂಡದಲ್ಲಿಯೇ ಹೆಣ್ಣುಮಕ್ಕಳೂ ಇದ್ದರು. ಅಷ್ಟರಲ್ಲಿ, 1908ರಲ್ಲಿ, ವಾಲ್ಟರ್ ವಿಲಿಯಮ್ಸ್ ಎಂಬ ಸಂಪಾದಕರು ಮಿಸ್ಸೌರಿ ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮ ಶಾಲೆಯನ್ನು ಆರಂಭಿಸಿದ್ದರು. 1917ರಿಂದ ಪುಲಿಟ್ಜರ್ ಪ್ರಶಸ್ತಿಗಳು ಬಂದವು. 1937ರಲ್ಲಿ ವಿಜ್ಞಾನದ ವರದಿಗಾಗಿ ಅದನ್ನು ಹಂಚಿಕೊಂಡವರಲ್ಲಿ ಭಾರತದವರಾದ ಗೋಬಿಂದ್ ಬಿಹಾರಿ ಲಾಲರೂ ಒಬ್ಬರು.

ನಮ್ಮ ದೇಶದಲ್ಲಿ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಪಿ. ಪಿ. ಸಿಂಗರು ಪತ್ರಿಕೋದ್ಯಮದ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅದು ಆರಂಭವಾಯಿತು. ನಾಡಿಗ ಕೃಷ್ಣಮೂರ್ತಿಯವರು ಅದನ್ನು ಕಟ್ಟಿ ಬೆಳೆಸಿದರು. ಇಂದು ರೇಡಿಯೋ, ದೂರದರ್ಶನ, ಚಲನಚಿತ್ರ, ಜಾಹೀರಾತುಗಳನ್ನೂ ಸೇರಿಸಿ ಸಮೂಹ ಸಂವಹನವೆಂಬ ಹೆಸರಿನಲ್ಲಿ ಅನೇಕ ಕಾಲೇಜುಗಳಲ್ಲಿ ಕಲಿಸುತ್ತಾರೆ. ನಮಗೆ ಹತ್ತಿರದ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿಯೂ ಈ ವಿಭಾಗವಿದೆ. ನಮ್ಮಲ್ಲಿ ಇಬ್ಬರು ಮೂವರಿಗೆ ಅಲ್ಲಿಗೆ ಹೋಗುವ ಆಸೆ ಹುಟ್ಟಿದೆ.

ಪುಲಿಟ್ಜರನ ‘ವರ್ಲ್ಡ್’ ಪತ್ರಿಕೆ 1931ರಲ್ಲಿ ಮಾರಾಟವಾಗಿ ನಿಂತುಹೋಯಿತು. ಆತನ ಶಾಲೆ ಮಾತ್ರ ನಡೆಯುತ್ತಿದೆ. ದೋಷವಿಲ್ಲದ ಮಹಾಪುರುಷನೆಂದು ನಾವು ಆತನನ್ನು ಹೊಗಳುವುದಿಲ್ಲ. ತಾನು ಕಾಲೇಜನ್ನು ಕಾಣದವನು, ತಾನೇ ತಪ್ಪಿದವನು, ಮುಂದೆ ಬರುವವರು ಕಲಿತು ಬರಲೆಂದು ಬಯಸಿದನಲ್ಲ, ಅದು ದೊಡ್ಡದು. ಆತನ ಕಚೇರಿಯ ಗೋಡೆಗಳಲ್ಲಿ ನಿಖರವಾಗಿ ಬರೆಯಬೇಕೆಂದು ನೆನಪಿಸುವ ಫಲಕಗಳು ಇದ್ದವಂತೆ. ನಾವೂ ನಮ್ಮ ಗೋಡೆ ಪತ್ರಿಕೆಯ ಮೇಲ್ಗಡೆ ಅಂತಹ ಒಂದು ಚೀಟಿಯನ್ನು ಅಂಟಿಸಿದ್ದೇವೆ. ಅದನ್ನು ಅಂದವಾದ ಅಕ್ಷರದಲ್ಲಿ ಬರೆದುಕೊಟ್ಟವನು ಎಂಟನೆಯ ತರಗತಿಯ ಆ ಹುಡುಗನೇ. ಈಗ ಅವನೂ ನಮ್ಮ ಸಂಪಾದಕ ಮಂಡಲಿಯಲ್ಲಿದ್ದಾನೆ.