ಮೈಕ್ ಇಲ್ಲದ ಕಾಲದ ಸೌಂಡ್ ಎಂಜಿನಿಯರ್: ಪಿಟೀಲು ಚೌಡಯ್ಯ

ಮೊದಲೇ ಹೇಳ್ಬಿಡ್ತೀನಿ, ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಕ್ಲಬ್ಬಿನವರು ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಿದೀನಿ.

ಇದೆಲ್ಲಾ ಶುರುವಾಗಿದ್ದು ಒಂದು ರಿವರ್ಬ್ ಪ್ಲಗಿನ್‌ನಿಂದ. ದಸರಾ ರಜೆಗೆ ಊರಿಗೆ ಹೋಗಿದ್ದಾಗ ತಂಗಿ ಪಿಟೀಲು ನುಡಿಸಿದ್ದನ್ನ ಫೋನಲ್ಲೇ ರೆಕಾರ್ಡ್ ಮಾಡ್ಕೊಂಡು ಬಂದಿದ್ದೆ. ರಾಜ್ಯೋತ್ಸವದ ವಿಡಿಯೋಗೆ ಹಿನ್ನೆಲೆ ಸಂಗೀತ ಬೇಕಿತ್ತು. ನಮ್ಮೂರು ಬ್ಲಫ್. ಮಳವಳ್ಳಿ ತಾಲ್ಲೂಕಲ್ಲಿ, ಶಿವನಸಮುದ್ರದ ಪವರ್‌ಹೌಸ್ ಇರೋ ಜಾಗ. ಗಗನಚುಕ್ಕಿ ನೋಡೋಕೆ ಬಂದವರು ನಮ್ಮೂರ ಹೆಸರು ಕೇಳಿ ಇದು ಯಾವ ಭಾಷೆ ಅಂತ ನಗ್ತಾರೆ, ನಮಗೆ ಅಭ್ಯಾಸ ಆಗಿದೆ. ಹಾಸ್ಟೆಲಿಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದ್ರೆ ಪಿಟೀಲು ತೆಳ್ಳಗೆ, ಒಣಗಿದ ಹಾಗೆ ಕೇಳ್ತಿದೆ. ಎಲ್ಲರೂ ಮಾಡೋದನ್ನೇ ನಾನೂ ಮಾಡ್ದೆ. ಸಿಕ್ಕಿದ ಉಚಿತ ರಿವರ್ಬ್‌ಗಳನ್ನೆಲ್ಲಾ ಇಳಿಸಿಕೊಂಡು ಒಂದೊಂದಾಗಿ ಹಾಕಿ ನೋಡ್ದೆ. ಹಾಲ್ ಹಾಕಿದ್ರೆ ಸ್ವರಗಳು ಒಂದರ ಮೇಲೊಂದು ಬಿದ್ದು ಗಮಕವೇ ಕಾಣೆ. ಪ್ಲೇಟ್ ಹಾಕಿದ್ರೆ ಹಳೇ ಸಿನಿಮಾ ಹಾಡು. ಕೊನೆಗೆ ಶಿಮ್ಮರ್ ಹಾಕ್ದೆ. ಪ್ರತಿಧ್ವನಿಯ ಬಾಲಕ್ಕೆ ಒಂದು ಸ್ಥಾಯಿ ಮೇಲಿನ ಅದೇ ಸ್ವರವನ್ನ ಸೇರಿಸುತ್ತಾ ಹೋಗೋ ರಿವರ್ಬ್ ಅದು. ಒಂದೇ ಪಿಟೀಲು ಹತ್ತು ಪಿಟೀಲಿನ ಹಾಗೆ ತುಂಬಿಕೊಳ್ತು.

ಖುಷಿಯಾಗಿ ತಾತನಿಗೆ ಕಳಿಸ್ದೆ. ತಾತ ಪವರ್‌ಹೌಸಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಶಬ್ದ ಅಂದ್ರೆ ಅವರಿಗೆ ಟರ್ಬೈನ್. ಆದ್ರೂ ಫೋನ್ ಮಾಡಿ, ಈ ಮೇಲೊಂದು ಕೆಳಗೊಂದು ಸ್ವರ ಕೂಡಿಸೋ ಕೆಲಸವನ್ನ ನಮ್ಮ ಕಡೆಯವರೇ ಒಬ್ಬರು ನಿಜವಾದ ತಂತಿಯಲ್ಲೇ ಮಾಡಿದ್ರು, ಹೋಗಿ ತಿಳ್ಕೋ ಅಂದ್ರು. ಅವರು ಹೇಳಿದ ಹೆಸರು ಪಿಟೀಲು ಚೌಡಯ್ಯ. ನನಗೆ ಚೌಡಯ್ಯ ಅಂದ್ರೆ ಬೆಂಗಳೂರಿನ ಆ ಪಿಟೀಲಿನ ಆಕಾರದ ಹಾಲ್ ಅಷ್ಟೇ ಗೊತ್ತಿತ್ತು. ನಾಚಿಕೆ ಆಯ್ತು. ಹಾಗಾಗಿ ಈ ಲೇಖನ.

ಚೌಡಯ್ಯ ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ಟಿ. ನರಸೀಪುರಕ್ಕೆ ಅಂಟಿಕೊಂಡ ಊರು, ಕಾವೇರಿಗೆ ಕಪಿಲೆ ಬಂದು ಸೇರೋ ಜಾಗ. ಅಲ್ಲಿಂದ ನದಿ ತಲಕಾಡು ಸುತ್ತಿಕೊಂಡು ನಮ್ಮೂರಿಗೆ ಬಂದು ಬೀಳುತ್ತೆ. ಅಂದ್ರೆ ಅವರೂರ ನೀರೇ ನಮ್ಮೂರ ಕರೆಂಟು! ತಂದೆ ಅಗಸ್ತೇಗೌಡ, ತಾಯಿ ಸುಂದರಮ್ಮ. ಊರಲ್ಲಿ ಅಗಸ್ತ್ಯೇಶ್ವರನ ದೇವಸ್ಥಾನ ಇದೆ, ತಂದೆಯ ಹೆಸರು ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ಊಹೆ. 1902ರಲ್ಲಿ ಬ್ಲಫ್‌ನಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಕಳಿಸಿದಾಗ ಚೌಡಯ್ಯ ಏಳೆಂಟು ವರ್ಷದ ಹುಡುಗ. ಕರೆಂಟ್ ಪಕ್ಕದಲ್ಲೇ ಹುಟ್ಟಿದ್ರೂ ಅದು ಅವರ ಪಿಟೀಲಿನ ಸಹಾಯಕ್ಕೆ ಬರೋಕೆ ಇನ್ನೂ ಬಹಳ ವರ್ಷ ಬೇಕಿತ್ತು.

1910ರಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ್ರು. ಕೃಷ್ಣಪ್ಪನವರು ಆಸ್ಥಾನ ವಿದ್ವಾಂಸರು, ಹಾಡುಗಾರರು, ಶಿಸ್ತಿಗೆ ಹೆಸರಾದವರು. ಇಲ್ಲಿ ಗಮನಿಸಬೇಕಾದ ವಿಷಯ, ಪಿಟೀಲು ಕಲಿಯೋ ಹುಡುಗನಿಗೆ ಗುರು ಸಿಕ್ಕಿದ್ದು ಗಾಯಕ. ಪಕ್ಕವಾದ್ಯದವನ ಕೆಲಸವೇ ಹಾಡುವವರ ಗಂಟಲನ್ನ ನೆರಳಿನ ಹಾಗೆ ಹಿಂಬಾಲಿಸೋದು. ಅವರು ಒಂದು ಸಂಗತಿ ಹಾಡಿ ಮುಗಿಸೋದರೊಳಗೆ ಇವರ ಕಮಾನು ಅಲ್ಲಿರಬೇಕು. ಎಂಟು ವರ್ಷ, ಅಂದ್ರೆ 1918ರವರೆಗೆ, ಗುರುಕುಲದ ಕಟ್ಟುನಿಟ್ಟಿನಲ್ಲಿ ಇದೇ ಅಭ್ಯಾಸ. ನಮ್ಮ ಬಿಇ ಎರಡು ಸಲ ಮುಗಿಯುತ್ತೆ, ಬ್ಯಾಕ್‌ಲಾಗ್ ಇಲ್ಲದೆ ಇದ್ರೆ.

ಆಮೇಲೆ ಕಚೇರಿಗಳು. ಸಮಸ್ಯೆ ಎದುರಾಗಿದ್ದೂ ಅಲ್ಲೇ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಸಿಲಬಸ್ಸಿನ ಸಮಸ್ಯೆ ಇದು.

ಆಗ ಕಚೇರಿಗೆ ಮೈಕಿಲ್ಲ, ಸ್ಪೀಕರಿಲ್ಲ. ರಾಮನವಮಿ, ಗಣೇಶೋತ್ಸವ, ಮದುವೆ, ಎಲ್ಲಾ ಚಪ್ಪರದ ಕೆಳಗೆ. ಬಯಲಲ್ಲಿ ಶಬ್ದ ಹರಡುವಾಗ ದೂರ ಎರಡರಷ್ಟಾದ್ರೆ ಮಟ್ಟ 6 ಡೆಸಿಬಲ್ ಇಳಿಯುತ್ತೆ. ಮುಂದಿನ ಸಾಲು 5 ಮೀಟರ್ ದೂರದಲ್ಲಿದೆ, ಕೊನೆಯ ಸಾಲು 40 ಮೀಟರ್ ದೂರದಲ್ಲಿದೆ ಅಂದ್ಕೊಳ್ಳಿ. ಐದು ಹತ್ತಾಯ್ತು, ಹತ್ತು ಇಪ್ಪತ್ತಾಯ್ತು, ಇಪ್ಪತ್ತು ನಲವತ್ತಾಯ್ತು. ಮೂರು ಸಲ ಆರು, 18 ಡೆಸಿಬಲ್ ಹೋಯ್ತು. ಕಟ್ಟಡದ ಒಳಗಾದ್ರೆ ಹೀಗಾಗಲ್ಲ. ಗೋಡೆ, ಛಾವಣಿಗೆ ಬಡಿದ ಶಬ್ದ ವಾಪಸ್ ಬಂದು ಹಿಂದೆ ಕೂತವರಿಗೂ ಕೈ ಕೊಡುತ್ತೆ. ರಿವರ್ಬ್ ಅಂದ್ರೆ ಅದೇ. ನಾವು ಅದನ್ನ ಅಲಂಕಾರ ಅಂದ್ಕೊಂಡಿದೀವಿ, ಆದ್ರೆ ಮೈಕಿಲ್ಲದ ಕಾಲದಲ್ಲಿ ಅದು ಉಚಿತವಾಗಿ ಸಿಗ್ತಿದ್ದ ಆಂಪ್ಲಿಫೈಯರ್. ಚಪ್ಪರದಲ್ಲಿ ಮೇಲೆ ಬಟ್ಟೆ ಅಥವಾ ತೆಂಗಿನ ಗರಿ, ಅಕ್ಕಪಕ್ಕ ಬಯಲು, ಮಧ್ಯೆ ಶಬ್ದ ಹೀರಿಕೊಳ್ಳೋ ಜನ. ಪ್ಲಗಿನ್ ಭಾಷೆಯಲ್ಲಿ ಹೇಳೋದಾದ್ರೆ ವೆಟ್ ಸೊನ್ನೆ, ಡ್ರೈ ನೂರು. ಗಾಯಕರು ತಾರಸ್ಥಾಯಿಗೆ ಹೋಗಿ ಗಂಟಲು ಬಿಟ್ಟು ಹಾಡಿ ನಿಭಾಯಿಸ್ತಿದ್ರು. ಮೃದಂಗ ಹೊಡೆದ್ರೆ ಕೇಳಿಸುತ್ತೆ. ಪಿಟೀಲು? ನಾಲ್ಕು ತಂತಿ, ಒಂದು ಪುಟ್ಟ ಮರದ ಡಬ್ಬಿ. ಹಿಂದೆ ಕೂತವರಿಗೆ ಕಮಾನು ಆಡೋದು ಕಾಣ್ತಿತ್ತು, ನಾದ ತಲುಪ್ತಿರಲಿಲ್ಲ. ಎಂಟು ವರ್ಷ ಕಲಿತಿದ್ದು ಹತ್ತನೇ ಸಾಲಿಗೇ ನಿಂತುಹೋದ್ರೆ ಹೇಗಿರುತ್ತೆ ಯೋಚಿಸಿ.

ಚೌಡಯ್ಯನವರು ವಾದ್ಯವನ್ನೇ ಬದಲಾಯಿಸೋಕೆ ಹೊರಟ್ರು. ಇದ್ದ ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು. ಹೊಸ ತಂತಿಗಳು ಬೇರೆ ಸ್ವರಕ್ಕಲ್ಲ, ಇರೋ ತಂತಿಯ ಪಕ್ಕದಲ್ಲೇ ಜೋಡಿಯಾಗಿ, ಅದೇ ಸ್ವರದ ಇನ್ನೊಂದು ಸ್ಥಾಯಿಗೆ ಶ್ರುತಿ ಮಾಡಿದವು. ಕಮಾನು ಎಳೆದ್ರೆ ಜೋಡಿಯ ಎರಡೂ ಒಟ್ಟಿಗೆ ನುಡಿಯುತ್ತೆ. 1927ರ ಹೊತ್ತಿಗೆ ಈ ಏಳು ತಂತಿಯ ಪಿಟೀಲು ಅವರ ಕೈಗೆ ಪೂರ್ತಿ ಒಗ್ಗಿತ್ತು.

ಕೇಳೋಕೆ ಸುಲಭ. ಮಾಡೋಕೆ ಏನೇನು ಬೇಕು ಅಂತ ತಂಗಿಯ ಪಿಟೀಲು ಮುಂದಿಟ್ಟುಕೊಂಡು ಲೆಕ್ಕ ಹಾಕ್ದೆ. ಮೂರು ಬಿರಡೆ ಜಾಸ್ತಿ ಬೇಕು, ಅದಕ್ಕೆ ತಲೆಯ ಭಾಗ ಉದ್ದ ಆಗಬೇಕು. ಕುದುರೆಯಲ್ಲಿ ಹೊಸ ಗೀರುಗಳು ಬೇಕು. ಏಳು ತಂತಿಯ ಬಿಗಿತ ಕುದುರೆ ಮೂಲಕ ಮೇಲಿನ ಹಲಗೆಯನ್ನ ಒತ್ತುತ್ತೆ, ಹಲಗೆ ತಡೀಬೇಕು. ಹಲಗೆಯನ್ನ ದಪ್ಪ ಮಾಡಿದ್ರೆ ನಾದ ಸಾಯುತ್ತೆ. ಇನ್ನು ಎಡಗೈ. ಒಂದೇ ಬೆರಳು ಎರಡು ತಂತಿಯನ್ನ ಒಂದೇ ಜಾಗದಲ್ಲಿ ಒತ್ತಬೇಕು, ಗಮಕದಲ್ಲಿ ಜಾರುವಾಗಲೂ ಎರಡೂ ಒಟ್ಟಿಗೇ ಜಾರಬೇಕು. ಮೇಲಿನ ಸ್ಥಾಯಿಯ ತಂತಿ ಕೆಳಗಿನದರ ಸರಿಯಾಗಿ ಎರಡು ಪಟ್ಟು ಆವರ್ತನದಲ್ಲಿ ಇಲ್ಲದೆ ಎರಡು ಹರ್ಟ್ಝ್ ಆಚೀಚೆ ಆದ್ರೆ, ಸೆಕೆಂಡಿಗೆ ಎರಡು ಸಲ ಶಬ್ದ ಉಬ್ಬಿ ತಗ್ಗುತ್ತೆ. ಕಿವಿ ಇರೋರು ತಕ್ಷಣ ಹಿಡೀತಾರೆ. ನಾಲ್ಕು ತಂತಿಯಲ್ಲಿ ಮುಚ್ಚಿಹೋಗೋ ಸಣ್ಣ ಅಪಶ್ರುತಿ ಏಳು ತಂತಿಯಲ್ಲಿ ಎಲ್ಲರಿಗೂ ಕೇಳುತ್ತೆ. ಅಂದ್ರೆ ದೊಡ್ಡ ನಾದಕ್ಕಾಗಿ ಅವರು ತಪ್ಪು ಮಾಡೋ ಅವಕಾಶವನ್ನ ಕಳ್ಕೊಂಡ್ರು. ನಾನು ರಿವರ್ಬ್ ಹಾಕೋದು ತಪ್ಪು ಮುಚ್ಚೋಕೆ. ಇದನ್ನ ತಂಗಿಗೆ ಹೇಳ್ಬೇಡಿ.

ಇನ್ನೊಂದು ವಿಷಯ. ಎರಡು ತಂತಿ ನುಡಿದ್ರೆ ಶಕ್ತಿ ಎರಡರಷ್ಟು, ಅಂದ್ರೆ 3 ಡೆಸಿಬಲ್ ಅಷ್ಟೇ. ಅದೂ ಹೆಚ್ಚೆಂದ್ರೆ, ಯಾಕಂದ್ರೆ ಎಳೆಯೋ ಕಮಾನು ಒಂದೇ. 18 ಕಳ್ಕೊಂಡಿರೋ ಕಡೆ 3 ಯಾವ ಲೆಕ್ಕ? ಹಾಗಾದ್ರೆ ಜನಕ್ಕೆ ದೊಡ್ಡದಾಗಿ ಕೇಳಿಸಿದ್ದು ಹೇಗೆ? ನನಗನ್ಸೋದು ಹೀಗೆ. ನಮ್ಮ ಕಿವಿ 2ರಿಂದ 5 ಕಿಲೋಹರ್ಟ್ಝ್ ನಡುವೆ ಬಹಳ ಚುರುಕು. ಒಂದು ಸ್ಥಾಯಿ ಮೇಲಿನ ತಂತಿ ಆ ಭಾಗಕ್ಕೆ ಹೆಚ್ಚು ಶಕ್ತಿ ಕಳಿಸುತ್ತೆ, ಅಲ್ಲಿ ಮೃದಂಗದ ಗುಮ್ಮಿಕೆಯ ಅಡ್ಡಿಯೂ ಕಮ್ಮಿ. ಕೆಳಗಿನ ತಂತಿ ನಾದಕ್ಕೆ ಮೈ ಕೊಡುತ್ತೆ. ಅಂದ್ರೆ ಬರೀ ವಾಲ್ಯೂಮ್ ಅಲ್ಲ, ಸ್ಪೆಕ್ಟ್ರಮ್ಮನ್ನೇ ಬದಲಾಯಿಸಿದ್ರು. ಈಕ್ವಲೈಸರ್ ಅಂದ್ರೂ ನಡೆಯುತ್ತೆ, ಶಿಮ್ಮರ್ ಅಂದ್ರೂ ನಡೆಯುತ್ತೆ. ಲೆಕ್ಕ ಹಾಕಿ ಅಲ್ಲ, ಕೇಳಿ ಕೇಳಿ ಕಂಡ್ಕೊಂಡಿದ್ದು. ಎಲೆಕ್ಟ್ರಾನಿಕ್ಸ್ ಓದೋ ಗೆಳೆಯರು ನನ್ನ ಲೆಕ್ಕದಲ್ಲಿ ತಪ್ಪಿದ್ರೆ ಹಿಡೀರಿ.

ಮುಂದಿನ ದಾರಿಯನ್ನ ಬೇಗ ಹೇಳ್ತೀನಿ, ವಿಕಿಪೀಡಿಯಾದ ಹಾಗೆ ಪಟ್ಟಿ ಮಾಡೋ ಆಸೆ ಇಲ್ಲ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಥರದ ದೊಡ್ಡ ಗಾಯಕರಿಗೆಲ್ಲಾ ಪಕ್ಕವಾದ್ಯ ನುಡಿಸಿದ್ರು. ದ್ವಾರಂ ವೆಂಕಟಸ್ವಾಮಿ ನಾಯುಡು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೈ, ಚೌಡಯ್ಯ, ಈ ಮೂವರ ಹೆಸರನ್ನ ಆ ಕಾಲದ ಪಿಟೀಲಿನ ಬಗ್ಗೆ ಮಾತಾಡುವಾಗ ಒಂದೇ ಉಸಿರಲ್ಲಿ ಹೇಳ್ತಾರೆ. 1939ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದ್ರು. ಮೈಸೂರಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿದ್ರು. ಕೃತಿಗಳನ್ನೂ ರಚಿಸಿದ್ರು, ಅಂಕಿತ ತ್ರಿಮಕುಟ. ತಮ್ಮೂರಿನ ಹೆಸರನ್ನೇ ಸಹಿಯಾಗಿ ಇಟ್ಕೊಂಡವರು. ನಾನು ಅಪ್‌ಲೋಡ್ ಮಾಡೋ ಹಾಡಿಗೆ ಬ್ಲಫ್ ಅಂತ ಸಹಿ ಹಾಕಿದ್ರೆ ಯಾರೂ ನಂಬಲ್ಲ.

ಸಿನಿಮಾಕ್ಕೂ ಕೈ ಹಾಕಿದ್ರು. 1943ರ ವಾಣಿ ಚಿತ್ರದ ನಿರ್ಮಾಪಕರು ಅವರೇ. ನಿರ್ದೇಶಕರು ಕೆ. ಹಿರಣ್ಣಯ್ಯ, ಅಂದ್ರೆ ಮಾಸ್ಟರ್ ಹಿರಣ್ಣಯ್ಯನವರ ತಂದೆ. ಪಂಢರಿಬಾಯಿ ಮೊದಲು ತೆರೆಗೆ ಬಂದಿದ್ದೂ ಇದರಲ್ಲೇ. ಅದರಲ್ಲಿ ಚೆಂಬೈ ಅವರ ಕಚೇರಿ ಇತ್ತು, ಪಿಟೀಲಲ್ಲಿ ಚೌಡಯ್ಯ, ಮೃದಂಗದಲ್ಲಿ ಪಾಲ್ಘಾಟ್ ಮಣಿ ಅಯ್ಯರ್. ಮೈಕಿಲ್ಲದ ಚಪ್ಪರಕ್ಕಾಗಿ ತಂತಿ ಸೇರಿಸಿದ ಮನುಷ್ಯ ಹದಿನಾರು ವರ್ಷದ ನಂತರ ಸಿನಿಮಾದ ಮೈಕಿನ ಮುಂದೆ ಅದೇ ಪಿಟೀಲು ಹಿಡಿದು ಕೂತಿದ್ರು. ಯೋಚನೆ ಮಾಡಿದ್ರೆ ಒಂಥರಾ ಆಗುತ್ತೆ.

ಯಾಕಂದ್ರೆ ಆ ಮೈಕೇ ಏಳು ತಂತಿಯ ಪಿಟೀಲಿನ ಅಗತ್ಯವನ್ನ ತೆಗೆದುಹಾಕ್ತು. ಕಚೇರಿಗಳಿಗೆ ಮೈಕು, ಸ್ಪೀಕರು ಬಂದ ಮೇಲೆ ನಾಲ್ಕು ತಂತಿಯೂ ಕೊನೆಯ ಸಾಲಿಗೆ ತಲುಪ್ತು. ಜೋಡಿ ತಂತಿಯ ದಪ್ಪ ನಾದ ಕೆಲವರಿಗೆ ಮೊದಲಿಂದಲೂ ಅಷ್ಟಾಗಿ ಹಿಡಿಸಿರಲಿಲ್ಲ, ಒಂಟಿ ತಂತಿಯ ಸ್ವಚ್ಛ ಎಳೆ ಅದರಲ್ಲಿ ಸಿಗಲ್ಲ ಅನ್ನೋದು ಅವರ ವಾದ. ಹಳೇ ರೆಕಾರ್ಡಿಂಗ್ ಕೇಳಿದಾಗ ಆ ವಾದ ನನಗೂ ಸ್ವಲ್ಪ ಅರ್ಥ ಆಯ್ತು. ಹೆಡ್‌ಫೋನಲ್ಲಿ ಕೇಳಿದ್ರೆ ನಾದ ಗಡುಸು, ಎದೆಗೆ ಒತ್ತಿದ ಹಾಗಿರುತ್ತೆ. ಆಮೇಲೆ ಒಂದು ಸಲ ಫೋನ್ ಸ್ಪೀಕರಿಗೆ ಹಾಕಿ ಹಾಸ್ಟೆಲ್ ಕಾರಿಡಾರಿನ ಆ ತುದಿಯಲ್ಲಿಟ್ಟು ಈ ತುದಿಗೆ ಬಂದು ನಿಂತು ಕೇಳ್ದೆ. ಅಲ್ಲಿಂದ ಬೇರೆ ಏನೂ ಸರಿಯಾಗಿ ಕೇಳ್ತಿರಲಿಲ್ಲ, ಪಿಟೀಲು ಮಾತ್ರ ಬಿಡಿಬಿಡಿಯಾಗಿ ಕೇಳ್ತಿತ್ತು. ಪಕ್ಕದ ರೂಮಿನವರು ಬಂದು ನನ್ನನ್ನ ವಿಚಿತ್ರವಾಗಿ ನೋಡಿ ಹೋದ್ರು. ಅದು ಹತ್ತಿರ ಕೂತು ಕೇಳೋಕೆ ಮಾಡಿದ ನಾದವೇ ಅಲ್ಲ ಅಂತ ನನಗೆ ಆಗ ಗೊತ್ತಾಯ್ತು.

1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು, ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಅದೇ ವರ್ಷ. 1967ರ ಜನವರಿ 19ರಂದು ತೀರಿಕೊಂಡ್ರು. ಅವರ ನಂತರ ಏಳು ತಂತಿಯನ್ನ ಹಿಡಿದವರು ಬಹಳ ಕಡಿಮೆ. ವಾದ್ಯ ಉಳಿದಿದ್ದು ಹೆಚ್ಚಾಗಿ ಕಟ್ಟಡದ ರೂಪದಲ್ಲಿ. 1980ರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಹತ್ತಿರ ಕಟ್ಟಿದ ಚೌಡಯ್ಯ ಸ್ಮಾರಕ ಭವನದಲ್ಲಿ ಕುದುರೆ ಇದೆ, ಬಿರಡೆ ಇದೆ, ಕಮಾನೂ ಇದೆ, ತಂತಿ ಏಳು. ಒಳಗೆ ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಎಲ್ಲಾ ಕಾರ್ಯಕ್ರಮಕ್ಕೂ ಮೈಕ್ ಇರುತ್ತೆ.

ಇನ್ನು ನಮ್ಮ ವಿಡಿಯೋ. ಶಿಮ್ಮರ್ ತೆಗೆದೆ. ರೂಮ್ ರಿವರ್ಬ್ ಒಂದನ್ನ ಇಟ್ಕೊಂಡೆ, ಡಿಕೇ ಒಂದು ಸೆಕೆಂಡಿನ ಆಸುಪಾಸು, ಪ್ರಿಡಿಲೇ 20 ಮಿಲಿಸೆಕೆಂಡ್, ವೆಟ್ ನೂರಕ್ಕೆ ಹತ್ತು. ಗಮಕ ವಾಪಸ್ ಬಂತು. ಅದರ ಜೊತೆ ತಂಗಿಯ ಜೊಲ್ಲು ಸುರಿಸೋ ಶ್ರುತಿಯೂ ವಾಪಸ್ ಬಂತು. ಅದೇ ಹಾಡನ್ನ ಒಂದು ಸ್ಥಾಯಿ ಮೇಲೆ ಇನ್ನೊಂದು ಸಲ ನುಡಿಸಿ ಕಳಿಸು, ಎರಡೂ ಟ್ರ್ಯಾಕ್ ಕೂಡಿಸಿ ಚೌಡಯ್ಯನವರ ಹಾಗೆ ಮಾಡೋಣ ಅಂತ ಕೇಳ್ದೆ. ನುಡಿಸಿ ಕಳಿಸಿದ್ಳು. ಎರಡೂ ಕೂಡಿಸಿದ್ರೆ ಸೆಕೆಂಡಿಗೆ ಎರಡಲ್ಲ, ನಾಲ್ಕು ಸಲ ಉಬ್ಬಿ ತಗ್ಗುತ್ತಿದೆ. ಹಿಂದೆ ಸಣ್ಣಗೆ ನೀರು ಬೀಳೋ ಸದ್ದು ಬೇರೆ. ಅದನ್ನ ನಾನು ತೆಗೆದಿಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ಮತ್ತೆ ರೆಕಾರ್ಡ್ ಮಾಡ್ಬೇಕು, ಅಲ್ಲಿವರೆಗೆ ದಿನಾ ಶ್ರುತಿ ಹಿಡಿದು ಸಾಧನೆ ಮಾಡ್ತೀನಿ ಅಂದಿದಾಳೆ. ರಾಜ್ಯೋತ್ಸವದ ವಿಡಿಯೋಗೆ ಈ ಸಲಕ್ಕೆ ಬೇರೆ ಯಾರದ್ದಾದ್ರೂ ಗಿಟಾರ್ ಹಾಕ್ಕೊಳ್ಳಿ.